ಸಹಾಯ ಬೇಕು: ಹೋಮ್ ಸ್ಕ್ರೀನಿನ ಕೆಳಗಿನ ಸಾಲಿನ ಆ್ಯಪ್‌ಗಳು ತಾವೇ ಬದಲಾಗುತ್ತಿವೆ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿರುವ ನಮ್ಮ ಅವ್ವನ ಆಂಡ್ರಾಯ್ಡ್ ಫೋನಿನ ವಿಷಯ. ಹೋಮ್ ಸ್ಕ್ರೀನಿನ ಕೆಳಗಿನ ಸಾಲಿನಲ್ಲಿ ಫೋನ್, ವಾಟ್ಸ್ಆ್ಯಪ್, ಕ್ಯಾಮೆರಾ, ಯೂಟ್ಯೂಬ್ ಇಟ್ಟುಕೊಟ್ಟಿದ್ದೆ. ಅವಳು ಹೆಸರು ಓದುವುದಿಲ್ಲ, ಜಾಗ ನೋಡಿ ಒತ್ತುತ್ತಾಳೆ. ಈಗ ನೋಡಿದರೆ ಕ್ಯಾಮೆರಾ ಇದ್ದಲ್ಲಿ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಬಂದು ಕೂತಿರುತ್ತದೆ. ಮೊನ್ನೆ ಅಕ್ಕನಿಗೆ ಫೋನ್ ಮಾಡಲು ಹೋಗಿ ಕ್ಯಾಲ್ಕುಲೇಟರ್ ತೆಗೆದು ಕೂತಿದ್ದಳಂತೆ!

ಖಾಲಿ ಜಾಗ ಒತ್ತಿ ಹಿಡಿದು ಹೋಮ್ ಸೆಟ್ಟಿಂಗ್ಸ್‌ಗೆ ಹೋದರೆ ಸಜೆಷನ್ಸ್ ಅಂತ ಇದೆ. ಜಾಸ್ತಿ ಬಳಸುವ ಆ್ಯಪ್‌ಗಳನ್ನು ಫೋನೇ ಊಹಿಸಿ ತೋರಿಸುವುದು ಇದೇ ಇರಬೇಕು, ಅಂಥ ಐಕಾನ್‌ಗಳ ಸುತ್ತ ತೆಳ್ಳಗೆ ಬಣ್ಣದ ಗೆರೆಯೂ ಕಾಣುತ್ತದೆ. ಆದರೆ ಅಲ್ಲಿ ಎರಡು ಸ್ವಿಚ್ ಇವೆ: ಒಂದು ಎಲ್ಲಾ ಆ್ಯಪ್‌ಗಳ ಪಟ್ಟಿಗೆ, ಇನ್ನೊಂದು ಹೋಮ್ ಸ್ಕ್ರೀನಿಗೆ. ಎರಡನೆಯದನ್ನು ಮಾತ್ರ ಆಫ್ ಮಾಡಿದರೆ ಸಾಕಾ? ಆಗ ಆ ಜಾಗ ಖಾಲಿ ಆಗುತ್ತದಾ, ಹಳೆಯ ಐಕಾನ್‌ಗಳು ತಾವೇ ವಾಪಸ್ ಬರುತ್ತವಾ, ಇಲ್ಲಾ ಒಂದೊಂದಾಗಿ ಎಳೆದು ತಂದು ಇಡಬೇಕಾ?

ಇನ್ನೊಂದು, ಕೆಲವು ಫೋನಿನಲ್ಲಿ ಐಕಾನ್‌ಗಳು ಜಾಗ ಬಿಟ್ಟು ಕದಲದಂತೆ ಹೋಮ್ ಸ್ಕ್ರೀನ್ ಲಾಕ್ ಮಾಡುವ ಸೆಟ್ಟಿಂಗ್ ಇರುತ್ತದಲ್ವಾ, ಇದರಲ್ಲಿ ಸಿಗಲಿಲ್ಲ. ಅದಕ್ಕೆ ಬೇರೆ ಲಾಂಚರ್ (ಹೋಮ್ ಸ್ಕ್ರೀನ್ ತೋರಿಸುವ ಆ್ಯಪ್) ಹಾಕುವುದೇ ದಾರಿನಾ? ಅವ್ವನಿಗೆ ಹಿಡಿಸುವಂಥದ್ದು, ಜಾಹೀರಾತು ಇಲ್ಲದ್ದು ಗೊತ್ತಿದ್ದರೆ ಹೇಳಿ.

ಧಾರವಾಡದಲ್ಲಿ ಕೂತು ಕಾಲ್‌ನಲ್ಲಿ ಇದನ್ನೆಲ್ಲ ಹೇಳಿಕೊಡುವುದು ಆಗದ ಮಾತು, ರವಿವಾರ ಚಿಗರಿ ಬಸ್ ಹತ್ತಿ ನಾನೇ ಹೋಗುತ್ತಿದ್ದೇನೆ. ಅಷ್ಟರೊಳಗೆ ಯಾರಾದರೂ ಸ್ಕ್ರೀನ್‌ಶಾಟ್ ಹಾಕಿದರೆ ಚಲೋ. ಫ್ಯಾಕ್ಟರಿ ರೀಸೆಟ್ ಮಾಡಿ ಅಂತ ಮಾತ್ರ ಹೇಳಬೇಡಿ.