ತೊಗರಿ ಬೇಳೆಯಾಗುವ ದಾರಿಯಲ್ಲಿ ಊರಿನವರ ಪಾಲು

ಪ್ರಶ್ನೆ (ಆಳಂದ ತಾಲ್ಲೂಕಿನ ಬೆಳೆಗಾರ):
ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ (ಈ ಪ್ರದೇಶದ ವಿಶಿಷ್ಟ ಉತ್ಪನ್ನವೆಂಬ) ಮಾನ್ಯತೆ ದೊರೆತಿದ್ದರೂ, ನಮ್ಮೂರಿನ ಹೆಚ್ಚಿನವರು ರಾಶಿ ಮುಗಿದ ವಾರದಲ್ಲೇ ಕಾಳನ್ನು ಅಡತಿಗೆ (ದಲ್ಲಾಳಿ ಅಂಗಡಿಗೆ) ಹಾಕಿ, ಮನೆಗೆ ಬೇಕಾದ ಬೇಳೆಯನ್ನು ಅಂಗಡಿಯಿಂದ ತರುತ್ತಾರೆ. ನಾವೇ ಬೇಳೆ ಮಾಡಿ ಮಾರಲು ಗುಂಪು ಕಟ್ಟುವುದಾದರೆ ಎಲ್ಲಿಂದ ಆರಂಭಿಸಬೇಕು?

ಉತ್ತರ 1:
ದಯವಿಟ್ಟು ಯಂತ್ರದಿಂದ ಆರಂಭಿಸಬೇಡಿ. ನಮ್ಮ ಗುಂಪು ಮೊದಲ ವರ್ಷವೇ ಸಾಲ ಮಾಡಿ ಬೇಳೆ ಯಂತ್ರ ತಂದಿತು. ಆದರೆ ಸುಗ್ಗಿಯಲ್ಲಿ ಸದಸ್ಯರಿಗೆ ಕೈಗೆ ದುಡ್ಡು ಬೇಕಿತ್ತು, ಮುಂಗಡ ಕೊಡಲು ಗುಂಪಿನ ಬಳಿ ಹಣವಿರಲಿಲ್ಲ, ಹೀಗಾಗಿ ಕಾಳು ಪೇಟೆ ಸೇರಿತು, ಯಂತ್ರ ಗೋಣಿತಟ್ಟು ಹೊದ್ದು ಕೂತಿತು. ಮೊದಲ ಹಂಗಾಮಿಗೆ ಒಟ್ಟಾಗಿ ಒಣಗಿಸಿ, ಜರಡಿ ಹಿಡಿದು, ಊರಲ್ಲೇ ತೂಗಿ ಮಾರಿದರೆ ಸಾಕು. ಬೆಂಬಲ ಬೆಲೆಯ ಖರೀದಿಗೆ ತೇವಾಂಶ ಶೇ 12 ಮೀರಬಾರದೆಂಬ ನಿಯಮವಿರುವುದರಿಂದ ಒಣಗಿಸುವ ಕಣಕ್ಕೇ ಮೊದಲ ಖರ್ಚು ಮಾಡಿ.

ಉತ್ತರ 2 (ಪುತ್ತೂರಿನಿಂದ):
ಮೇಲಿನವರ ಮಾತು ಸರಿ. ನಮ್ಮ ಕಡೆ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ 1973ರಲ್ಲಿ ಹುಟ್ಟಿದ್ದು ಬೆಲೆ ಕುಸಿದಾಗ ಖರೀದಿ ಮಾಡುವುದಕ್ಕಾಗಿ. ಯಂತ್ರದ ಮಾತು ಆಮೇಲಿನದು: ಅದರ ಚಾಕೊಲೇಟ್ ಕಾರ್ಖಾನೆ ಬಂದದ್ದು ಹದಿಮೂರು ವರ್ಷದ ನಂತರ, 1986ರಲ್ಲಿ.

ಉತ್ತರ 3:
ಒಂದು ಮಾತು ಬಿಟ್ಟುಹೋಗಿದೆ. ಮೊರ ಹಿಡಿದು ಕಲ್ಲು, ಮುಕ್ಕು ಕಾಳು ಆರಿಸುವವರು ಹೆಂಗಸರು, ಪಹಣಿ ಮಾತ್ರ ಗಂಡಸರ ಹೆಸರಿನಲ್ಲಿದೆ. ಸದಸ್ಯತ್ವಕ್ಕೆ ಪಹಣಿಯನ್ನೇ ಕೇಳಿದರೆ ಕೆಲಸ ಬಲ್ಲವರೇ ಸಭೆಯ ಹೊರಗುಳಿಯುತ್ತಾರೆ. ಗೇಣಿಗೆ ಮಾಡುವವರದೂ ಅದೇ ಪಾಡು. ಷೇರು ಬರೆಸುವ ಮೊದಲೇ ಇದನ್ನು ತೀರ್ಮಾನಿಸಿಕೊಳ್ಳಿ.