ಬೇರೆ ಗ್ಯಾಲಕ್ಸಿಯಲ್ಲಿ ವರ್ಷಕ್ಕೆ ಎಷ್ಟು ನಕ್ಷತ್ರ ಹುಟ್ಟುತ್ತವೆ ಅಂತ ಅಳೆಯುವುದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ಎಂ82 ಗ್ಯಾಲಕ್ಸಿಯಲ್ಲಿ ವರ್ಷಕ್ಕೆ ಸುಮಾರು 10 ಸೂರ್ಯರ ತೂಕದಷ್ಟು ನಕ್ಷತ್ರಗಳು ಹುಟ್ಟುತ್ತವೆ ಅಂತ ಓದಿದೆ. ಒಂದು ನಕ್ಷತ್ರ ಹುಟ್ಟೋಕೇ ಲಕ್ಷಾಂತರ ವರ್ಷ ಬೇಕಲ್ವಾ? ಈ ಲೆಕ್ಕ ಎಲ್ಲಿಂದ ಬರುತ್ತದೆ?

ಉತ್ತರ: ನಾವು ಹಿಡಿಯುವುದು ಬೇಗ ಸಾಯುವ ನಕ್ಷತ್ರಗಳನ್ನು. ಸೂರ್ಯನ ಆಯಸ್ಸು ಸುಮಾರು 1,000 ಕೋಟಿ ವರ್ಷ. ಅದರ 20 ಪಟ್ಟು ತೂಕದ ನಕ್ಷತ್ರ ಸುಮಾರು 1 ಕೋಟಿ ವರ್ಷಕ್ಕೇ ಮುಗಿದುಹೋಗುತ್ತದೆ. ಅಂಥದ್ದು ಉರಿಯುತ್ತಿದೆ ಎಂದರೆ ಈಚೆಗೆ ಹುಟ್ಟಿದ್ದೇ. ಅದರ ಅಲ್ಟ್ರಾವಯಲೆಟ್ ಬೆಳಕು ಸುತ್ತಲಿನ ಹೈಡ್ರೋಜನ್‌ನಿಂದ ಎಲೆಕ್ಟ್ರಾನ್ ಕಿತ್ತುಹಾಕುತ್ತದೆ. ಎಲೆಕ್ಟ್ರಾನ್ ಮತ್ತೆ ಬಂದು ಸೇರುವಾಗ 656.3 ನ್ಯಾನೋಮೀಟರಿನ ಕೆಂಪು ಬೆಳಕು ಹೊಮ್ಮುತ್ತದೆ. ಅದೇ ಎಚ್-ಆಲ್ಫಾ.

ಆ ಕೆಂಪನ್ನಷ್ಟೇ ಬಿಡುವ ಫಿಲ್ಟರಿನಲ್ಲಿ ಒಂದು ಚಿತ್ರ, ಅಕ್ಕಪಕ್ಕದ ಬಣ್ಣಗಳನ್ನೂ ಬಿಡುವ ಅಗಲದ ಫಿಲ್ಟರಿನಲ್ಲಿ ಇನ್ನೊಂದು. ಎರಡನ್ನೂ ಹೊಂದಿಸಿ ಮೊದಲನೆಯದರಿಂದ ಎರಡನೆಯದನ್ನು ಕಳೆಯುತ್ತೇವೆ. ಎಂ51 ಎಂಬ ಸುರುಳಿ ಗ್ಯಾಲಕ್ಸಿಯಲ್ಲಿ ಹೀಗೆ ಮಾಡಿದರೆ ಹಳೇ ನಕ್ಷತ್ರಗಳ ಹೊಳಪು ಬಹುತೇಕ ಮಾಯ. ಸುರುಳಿ ತೋಳುಗಳ ಉದ್ದಕ್ಕೂ ಮಣಿ ಪೋಣಿಸಿದ ಹಾಗೆ ಚುಕ್ಕೆಗಳು ಉಳಿಯುತ್ತವೆ. ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ. ಒಂದು ಎಚ್ಚರ ಬೇಕು: 658.3 ನ್ಯಾನೋಮೀಟರಿನಲ್ಲಿ ನೈಟ್ರೋಜನ್ ಹೊಮ್ಮಿಸುವ ಬೆಳಕೂ ಇದೆ. ಅದೂ ಫಿಲ್ಟರಿನೊಳಗೆ ನುಸುಳುತ್ತದೆ. ತೆಗೆಯದಿದ್ದರೆ ಲೆಕ್ಕ ಜಾಸ್ತಿ ಬರುತ್ತದೆ.

ಉಳಿದ ಬೆಳಕು ಮತ್ತು ದೂರದಿಂದ ದೊಡ್ಡ ನಕ್ಷತ್ರಗಳ ಪ್ರಮಾಣ ಸಿಗುತ್ತದೆ. ಒಂದು ದೊಡ್ಡದರ ಜೊತೆ ಸಣ್ಣವು ಎಷ್ಟು ಹುಟ್ಟುತ್ತವೆ ಎಂಬ ಅನುಪಾತವನ್ನು ನಮ್ಮ ಹತ್ತಿರದ ನಕ್ಷತ್ರಗಳಿಂದ ತೆಗೆದುಕೊಳ್ಳುತ್ತೇವೆ. ಹೀಗೆ ಬಂದ ಒಟ್ಟು ತೂಕವನ್ನು ಆ ಸುಮಾರು 1 ಕೋಟಿ ವರ್ಷಕ್ಕೆ ಹಂಚಿದರೆ ವರ್ಷದ ಸರಾಸರಿ ಸಿಗುತ್ತದೆ. ಎಲ್ಲಾ ಕಡೆಯೂ ಅದೇ ಅನುಪಾತ ಅನ್ನುವುದು ನಮ್ಮ ಊಹೆ. ಈ ಅಳತೆಯ ದುರ್ಬಲ ಜಾಗ ಅದೇ.

ಪ್ರಶ್ನೆ: ಮಧ್ಯೆ ದೂಳು ಇದ್ದರೆ?

ಉತ್ತರ: ಎಂ82ರ ತೊಂದರೆಯೇ ಅದು. ಎಚ್-ಆಲ್ಫಾ ಒಂದನ್ನೇ ನಂಬಿದರೆ ಲೆಕ್ಕ ತುಂಬಾ ಕಮ್ಮಿ ಬರುತ್ತದೆ. ಆದರೆ ದೂಳು ನುಂಗಿದ ಬೆಳಕು ಸುಮ್ನೆ ಕಳೆದುಹೋಗುವುದಿಲ್ಲ. ದೂಳು ಬಿಸಿಯಾಗಿ ಇನ್‌ಫ್ರಾರೆಡ್ ಸೂಸುತ್ತದೆ. ಸ್ಪಿಟ್ಜರ್ ದೂರದರ್ಶಕ 24 ಮೈಕ್ರಾನ್‌ನಲ್ಲಿ ಅದನ್ನು ಅಳೆಯಿತು. ಎರಡನ್ನೂ ಸೇರಿಸಿ ಲೆಕ್ಕ ಹಾಕುತ್ತೇವೆ.

ಪ್ರಶ್ನೆ: ಪುಟ್ಟ ಗ್ಯಾಲಕ್ಸಿಗಳಲ್ಲಿ ಎಚ್-ಆಲ್ಫಾ ಬದಲು ನಕ್ಷತ್ರಗಳ ಅಲ್ಟ್ರಾವಯಲೆಟ್ ಬೆಳಕನ್ನೇ ಅಳೆದರೆ ಲೆಕ್ಕವೇ ಬೇರೆ ಬರುತ್ತದಂತೆ. ಯಾವುದು ಸರಿ ಮೇಡಂ?

ಉತ್ತರ: ಎರಡೂ ಸರಿಯಿರಬಹುದು. ಎಚ್-ಆಲ್ಫಾ ಹೇಳುವುದು ಈಚಿನ 1 ಕೋಟಿ ವರ್ಷದ ಸುದ್ದಿ. ಅಲ್ಟ್ರಾವಯಲೆಟ್ ಸುಮಾರು 10 ಕೋಟಿ ವರ್ಷದ ಸರಾಸರಿ ಕೊಡುತ್ತದೆ. ಎಚ್-ಆಲ್ಫಾ ಮಾತ್ರ ಕಮ್ಮಿಯಿದ್ದರೆ ಈಚೆಗೆ ಹುಟ್ಟು ತಗ್ಗಿರಬಹುದು. ಜೊತೆಗೆ, ತೀರಾ ಪುಟ್ಟ ಗ್ಯಾಲಕ್ಸಿಯಲ್ಲಿ ಭಾರೀ ನಕ್ಷತ್ರಗಳಿರುವುದೇ ಬೆರಳೆಣಿಕೆಯಷ್ಟು. ಒಂದು ಸತ್ತರೂ ಎಚ್-ಆಲ್ಫಾ ಕುಸಿಯುತ್ತದೆ. ಅಂಥ ಕಡೆ ನಾನು ಅಲ್ಟ್ರಾವಯಲೆಟ್ ಅನ್ನೇ ಹೆಚ್ಚು ನಂಬುತ್ತೇನೆ.