ಪ್ರಶ್ನೋತ್ತರ: ಹಸಿ ಕೋಕೋ, ರೀಶಿ ಮತ್ತು ಅಡಿಕೆ ಬುಡದ ಅಣಬೆ

ಪ್ರಶ್ನೆ (ಬೆಳೆಗಾರರು, ಕೊಪ್ಪ): ಬೆಂಗಳೂರಿನಿಂದ ಬಂದ ಮಗ ಹಸಿ ಕೋಕೋ ಮತ್ತು ರೀಶಿ ಅಣಬೆ ಬೆರೆಸಿದ ಪುಡಿಯನ್ನು ತಂದಿದ್ದಾನೆ. ಹೃದಯಕ್ಕೂ ನಿದ್ದೆಗೂ ಒಳ್ಳೆಯದೆಂದು ಪೊಟ್ಟಣದ ಮೇಲೆ ಬರೆದಿದೆ. ನನಗೆ 66 ವರ್ಷ. ಸ್ಟೆಂಟ್ ಹಾಕಿಸಿಕೊಂಡ ಮೇಲೆ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುತ್ತಿದ್ದೇನೆ. ಕುಡಿಯಬಹುದೇ? ನಮ್ಮ ತೋಟದಲ್ಲೇ ಕೋಕೋ ಇದೆ, ಅಡಿಕೆ ಬುಡದಲ್ಲಿ ಅಂಥದ್ದೇ ಅಣಬೆಯೂ ಏಳುತ್ತದೆ. ದುಡ್ಡು ಕೊಟ್ಟು ತರುವುದೇಕೆ?

ಉತ್ತರ (ಆಹಾರತಜ್ಞೆ, ಹಾಸನ): ನಿಮ್ಮ ಹೃದ್ರೋಗ ತಜ್ಞರನ್ನು ಕೇಳುವವರೆಗೆ ಆ ಪೊಟ್ಟಣವನ್ನು ಒಡೆಯಬೇಡಿ. ರೀಶಿಗೂ ರಕ್ತ ಹೆಪ್ಪುಗಟ್ಟುವುದನ್ನು ತಗ್ಗಿಸುವ ಗುಣ ಇರಬಹುದಾದ್ದರಿಂದ, ಮಾತ್ರೆಯ ಜೊತೆ ಅದು ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚೀತು. ಪುಡಿಯನ್ನು ದೀರ್ಘಕಾಲ ತಿಂದವರಲ್ಲಿ ಯಕೃತ್ತಿಗೆ ಹಾನಿಯಾದ ವಿರಳ ವರದಿಗಳೂ ಇವೆ.

ಅಡಿಕೆ ಬುಡದಲ್ಲಿ ಅರಗು ಬಳಿದಂತೆ ಹೊಳೆಯುವ, ಅಂಚು ಬೆಳ್ಳಗಿರುವ ಆ ಕೆಂಗಂದು ಅಣಬೆಯೂ ರೀಶಿಯಂತೆ ಗ್ಯಾನೋಡರ್ಮಾ ಕುಲದ್ದೇ, ನಮ್ಮವರು ಅಣಬೆ ರೋಗ ಎನ್ನುವುದು ಅದನ್ನೇ. ಆದರೆ ಒಂದೇ ಕುಲ ಎಂದ ಮಾತ್ರಕ್ಕೆ ಒಂದೇ ಜಾತಿಯಾಗುವುದಿಲ್ಲ: ಚೀನಾದಲ್ಲಿ ಬೆಳೆಸುವ ರೀಶಿಯನ್ನು 2012ರಲ್ಲಿ ಗ್ಯಾನೋಡರ್ಮಾ ಲಿಂಗ್‌ಝಿ ಎಂಬ ಬೇರೆ ಜಾತಿಯಾಗಿ ಗುರುತಿಸಲಾಯಿತು. ಮೇಲಾಗಿ, ರೋಗ ಹತ್ತಿದ ಮರದ ಬುಡಕ್ಕೆ ನೀವೇ ಶಿಲೀಂಧ್ರನಾಶಕ ಸುರಿದಿರುತ್ತೀರಿ. ಅದನ್ನು ಕುದಿಸಿ ಕುಡಿಯುವ ಯೋಚನೆ ಬೇಡವೇ ಬೇಡ.

ಕೋಕೋದ ಮಾತು ಬೇರೆ. ಅದರಲ್ಲಿರುವ ಸಸ್ಯಜನ್ಯ ಸಂಯುಕ್ತಗಳಾದ ಫ್ಲಾವನಾಲ್‌ಗಳು ರಕ್ತನಾಳಗಳು ಸಡಿಲಗೊಳ್ಳಲು ನೆರವಾಗುತ್ತವೆ ಎಂಬುದನ್ನು, ದಿನಕ್ಕೆ 200 ಮಿಲಿಗ್ರಾಂ ಸೇವಿಸಿದರೆ ಎಂಬ ಷರತ್ತಿನೊಂದಿಗೆ, ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2012ರಲ್ಲಿ ಒಪ್ಪಿತು. ಆದರೆ 2022ರಲ್ಲಿ ಪ್ರಕಟವಾದ ಕಾಸ್ಮೋಸ್ ಅಧ್ಯಯನದಲ್ಲಿ, 21,000ಕ್ಕೂ ಹೆಚ್ಚು ಹಿರಿಯ ಅಮೆರಿಕನ್ನರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ 500 ಮಿಲಿಗ್ರಾಂ ಫ್ಲಾವನಾಲ್ ಇರುವ ಸಾರವನ್ನು ಕೊಟ್ಟು ನೋಡಿದಾಗ, ಹೃದಯಾಘಾತ, ಪಾರ್ಶ್ವವಾಯು ಮೊದಲಾದವುಗಳ ಒಟ್ಟು ಸಂಖ್ಯೆ ಗಮನಾರ್ಹವಾಗಿ ಇಳಿಯಲಿಲ್ಲ. ಹೃದ್ರೋಗದ ಸಾವುಗಳು ಮಾತ್ರ ಕಡಿಮೆ ಕಂಡವು. ಅದೂ ಸಾರದ ಲೆಕ್ಕ, ಚಮಚದ ಪುಡಿಯದಲ್ಲ. ಇನ್ನು ನಿದ್ದೆ! ಕೆಫೀನಿನಂತೆಯೇ ಚುರುಕುಗೊಳಿಸುವ ಥಿಯೋಬ್ರೋಮಿನ್ ಜೊತೆಗೆ ಅಷ್ಟಿಷ್ಟು ಕೆಫೀನ್ ಕೂಡ ಇರುವ ಪುಡಿಯನ್ನು ನಿದ್ದೆಗೆಂದು ಮಾರುವ ಧೈರ್ಯವನ್ನು ಮೆಚ್ಚಲೇಬೇಕು.

ಇವೆರಡನ್ನು ಬೆರೆಸುವುದಕ್ಕೆ ರುಚಿಯೂ ಕಾರಣವಿದ್ದೀತು ಎಂಬುದು ನನ್ನ ಅನುಮಾನ. ರೀಶಿಯದು ನೆಲಬೇವಿನ ಕಷಾಯಕ್ಕೆ ಮರದ ಚಕ್ಕೆ ಹಾಕಿದಂಥ ಕಹಿ. ಅದನ್ನು ಮರೆಮಾಡಬಲ್ಲದ್ದು ಇನ್ನೊಂದು ಕಹಿಯೇ.

ಮರುಪ್ರಶ್ನೆ: ರೀಶಿ ಬಿಟ್ಟೆ. ತೋಟದ ಕೋಕೋ ಬೀಜವನ್ನು ಹಸಿಯಾಗಿಯೇ ತಿನ್ನಬಹುದೇ?

ಉತ್ತರ: ಕಾಯಿ ಒಡೆದು ಬಿಳಿ ತಿರುಳನ್ನು ಚೀಪಿ, ಹುಳಿಸಿಹಿಯಾಗಿ ಸೊಗಸಾಗಿರುತ್ತದೆ. ಬೀಜವನ್ನು ಹಾಗೆಯೇ ಕಚ್ಚಿದರೆ ಎಳೆ ಅಡಿಕೆಯಂತೆ ಬರೀ ಒಗರು. ಚಾಕೊಲೇಟಿನ ಪರಿಮಳಕ್ಕೆ ಮೂಲ ಹುದುಗುವಿಕೆ. ಬಾಳೆಲೆ ಹಾಸಿದ ಬುಟ್ಟಿಯಲ್ಲಿ ತಿರುಳುಸಹಿತ ಬೀಜ ತುಂಬಿ, ಗೋಣಿ ಮುಚ್ಚಿ, ಮೂರನೆಯ ಮತ್ತು ಐದನೆಯ ದಿನ ಮಗುಚಿ, ಆರನೆಯ ದಿನ ಬಿಸಿಲಿಗೆ ಹರವಿ. ಎರಡು ಹಿಡಿ ಬೀಜ ಇಟ್ಟರೆ ಬುಟ್ಟಿ ಬಿಸಿಯೇರುವುದಿಲ್ಲ. ಕೆಲವು ಕಿಲೋ ಆದರೂ ಬೇಕು. ಕೋಳಿಗಳು ಓಡಾಡುವ ಕಣದಲ್ಲಿ ಒಣಗಿದ ಬೀಜಕ್ಕೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ತಗಲುವ ಭಯವಿರುವುದರಿಂದ ಹುರಿದೇ ತಿನ್ನಿ. ಸ್ವಲ್ಪ ಫ್ಲಾವನಾಲ್ ಹೋದರೆ ಹೋಗಲಿ. ಸಿಪ್ಪೆಯನ್ನು ನಾಯಿಯ ಬಾಯಿಗೆ ಸಿಗದಂತೆ ಹೂತುಬಿಡಿ, ಥಿಯೋಬ್ರೋಮಿನ್ ಅದಕ್ಕೆ ವಿಷ.